ಘಟ್ಟ ಇಳಿಯುವ ಕುದುರೆ: ಫ್ಯಾಂಟಸಿ ಆಟದಲ್ಲಿ ಸವಾರಿ, ಜೀನು, ಮೇವಿನ ಪೂರ್ತಿ ಲೆಕ್ಕ

ಪಾತ್ರದ ಕೈಗೆ ಮೊದಲ ಸಲ ನೂರು ಚಿನ್ನದ ನಾಣ್ಯ ಬಂದ ಕೂಡಲೇ ಆಟಗಾರ ಕೇಳುವುದು ಒಂದೇ ಪ್ರಶ್ನೆ: "ಕುದುರೆ ಎಷ್ಟು?" ಡಿಎಂ, ಅಂದರೆ ಕಥೆ ನಡೆಸುವವನು, ಪುಸ್ತಕ ತಿರುವಿ 75 ಅಂತಾನೆ. ಆಟಗಾರ ಹಾಳೆಯ ಮೂಲೆಯಲ್ಲಿ 'ಕುದುರೆ, 1' ಅಂತ ಬರೆದುಕೊಳ್ಳುತ್ತಾನೆ. ಅಲ್ಲಿಂದ ಮುಂದೆ ಆ ಕುದುರೆ ತಿನ್ನುವುದಿಲ್ಲ, ಕುಡಿಯುವುದಿಲ್ಲ, ಮಳೆಯಲ್ಲಿ ನೆನೆಯುವುದೂ ಇಲ್ಲ. ಗುಹೆಯ ಬಾಗಿಲಲ್ಲಿ ಅದನ್ನು ಕಟ್ಟಿದ್ದು ಯಾರಿಗೂ ನೆನಪಿರುವುದಿಲ್ಲ. ಇಂಥ ಕುದುರೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಶಿವಮೊಗ್ಗದ ನಮ್ಮ ಟೇಬಲ್ಲಿನಲ್ಲಿ ಡಿಎಂ ಕುರ್ಚಿ ನನ್ನದು. ಆಡುವುದು ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್, ಐದನೇ ಆವೃತ್ತಿ. ಟೇಬಲ್ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಡೈಸ್ ಹಾಕುತ್ತಾ ಕಥೆ ಕಟ್ಟುವ ಆಟ ಇದು. ಕಥೆ ನಡೆಯುವ ಸೀಮೆಯನ್ನು ಕೆಳದಿ, ಇಕ್ಕೇರಿ, ಬಿದನೂರಿನ ಕಡೆಯ ನೆಲ ನೋಡಿಯೇ ಕಟ್ಟಿಕೊಂಡಿದ್ದೇವೆ. ಮೇಲೆ ಕೋಟೆ ಮತ್ತು ಅಡಿಕೆ ತೋಟ, ನಡುವೆ ಘಟ್ಟ, ಕೆಳಗೆ ಬಂದರು. ಕೆಳಗಿನ ಅಂಕಿಗಳೆಲ್ಲ 2014ರ ನಿಯಮದವು. 2024ರ ಪುಸ್ತಕ ಇಟ್ಟುಕೊಂಡು ಆಡುವವರು ಒಮ್ಮೆ ತಾಳೆ ನೋಡಿಕೊಳ್ಳಿ. ಚಿನ್ನದ ನಾಣ್ಯಕ್ಕೆ ನಾವು ವರಾಹ ಅಂತೀವಿ, ಬೆಳ್ಳಿಯದಕ್ಕೆ ಹಣ, ತಾಮ್ರದ್ದಕ್ಕೆ ಕಾಸು. ಒಂದು ವರಾಹಕ್ಕೆ ಹತ್ತು ಹಣ, ನೂರು ಕಾಸು.

ನನ್ನ ಮಾತು ಇಷ್ಟೇ: ವೇಗ ನೋಡಿ ಕುದುರೆ ಕೊಳ್ಳಬೇಡಿ, ದಾರಿ ನೋಡಿ ಕೊಳ್ಳಿ. ಉಳಿದದ್ದೆಲ್ಲ ಅದರ ಬೆನ್ನಿಗೇ ಬರುತ್ತದೆ.

ಮೊದಲು ದಾರಿ

ಬಹಳ ಜನರಿಗೆ ಗೊತ್ತಿಲ್ಲದ ಸಂಗತಿ ಒಂದಿದೆ. ಈ ಆಟದ ನಿಯಮದಲ್ಲಿ ಕುದುರೆ ಇದ್ದ ಮಾತ್ರಕ್ಕೆ ದಿನದ ಪ್ರಯಾಣ ಜಾಸ್ತಿ ಆಗುವುದಿಲ್ಲ. ನಡೆದು ಹೋದರೂ ಕುದುರೆ ಮೇಲೆ ಹೋದರೂ ಸಾಮಾನ್ಯ ವೇಗದಲ್ಲಿ ದಿನಕ್ಕೆ 24 ಮೈಲಿ, ಅಂದರೆ ಸುಮಾರು 39 ಕಿಲೋಮೀಟರ್. ಅವಸರದಲ್ಲಿ ಹೋದರೆ 30 ಮೈಲಿ, ನಿಧಾನಕ್ಕೆ 18. ಕುದುರೆ ಕೊಡುವ ಲಾಭ ಒಂದು ಗಂಟೆಯದ್ದು. ಆ ಒಂದು ಗಂಟೆ ನಾಗಾಲೋಟದಲ್ಲಿ ಓಡಿಸಿದರೆ ಅವಸರದ ವೇಗದ ಎರಡರಷ್ಟು, ಅಂದರೆ 8 ಮೈಲಿ ಸಾಗಬಹುದು. ಎಂಟು ಹತ್ತು ಮೈಲಿಗೊಂದು ಕಡೆ ಬದಲಿ ಕುದುರೆ ಸಿದ್ಧವಿದ್ದರೆ ಅದೇ ವೇಗದಲ್ಲಿ ಮುಂದುವರಿಯಬಹುದು. ರಾಜರ ಓಲೆ ಒಯ್ಯುವವನ ಕಥೆ ಆಡಿಸುವುದಿದ್ದರೆ ಈ ನಿಯಮ ಬಂಗಾರ.

ಹಾಗಾದರೆ ಕುದುರೆ ಯಾಕೆ ಬೇಕು? ಹೊರೆಗೆ, ಆ ಒಂದು ಗಂಟೆಗೆ, ಮತ್ತೆ ಯುದ್ಧಕ್ಕೆ. ಈ ಮೂರರಲ್ಲಿ ನಿಮ್ಮ ಗುಂಪಿಗೆ ಯಾವುದು ಬೇಕು ಅನ್ನುವುದನ್ನು ಮೊದಲು ಕೂತು ಮಾತಾಡಿಕೊಳ್ಳಿ.

ಆಮೇಲೆ ನೆಲ. ಶಿಕಾರಿಪುರದಿಂದ ಮೂಡಣಕ್ಕೆ ಬಯಲು. ಅಲ್ಲಿ ಕುದುರೆ ನಿಜಕ್ಕೂ ಕುದುರೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಹೋದ ಹಾಗೆ ಕಾಡು, ಹಳ್ಳ, ಕೆಸರು, ಏರಿಳಿತ. ಇದನ್ನು ನಿಯಮದ ಪ್ರಕಾರ ಕಷ್ಟದ ನೆಲ ಅಂತ ಲೆಕ್ಕ ಹಾಕಿ, ವೇಗ ಅರ್ಧಕ್ಕಿಳಿಯುತ್ತದೆ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಸುಮಾರು 60 ಕಿಲೋಮೀಟರ್. ಬಯಲಿನ ಲೆಕ್ಕದಲ್ಲಿ ಒಂದೂವರೆ ದಿನ, ಕಾಡಿನ ಲೆಕ್ಕದಲ್ಲಿ ಮೂರು ದಿನ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಅಂಥ ಸೀಮೆಯಲ್ಲಿ ಆಷಾಢದಲ್ಲಿ ಕಥೆ ನಡೆಯುತ್ತಿದ್ದರೆ ನಾಗಾಲೋಟದ ಮಾತನ್ನೇ ಮರೆತುಬಿಡಿ. ಡಿಎಂ ಆದವರು ಕ್ಯಾಂಪೇನ್, ಅಂದರೆ ಹಲವು ಸಲ ಕೂತು ಆಡುವ ಉದ್ದ ಕಥೆ, ಶುರು ಮಾಡುವ ಮೊದಲೇ ತಿಂಗಳು ಯಾವುದು ಅಂತ ಹೇಳಿಬಿಡಬೇಕು.

ಇದು ಕಲ್ಪನೆಗಷ್ಟೇ ಸೇರಿದ ತೊಂದರೆ ಅಲ್ಲ. ವಿಜಯನಗರದ ಕಾಲದಲ್ಲಿ ಅರಬ್ ಮತ್ತು ಪರ್ಷಿಯಾದ ಕುದುರೆಗಳು ಹಡಗಿನಲ್ಲಿ ಭಟ್ಕಳ, ಹೊನ್ನಾವರದಂಥ ಬಂದರಿಗೆ ಬಂದು ಇಳಿದು ಘಟ್ಟ ಹತ್ತಬೇಕಿತ್ತು. 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದ ಮೇಲೆ ಆ ವ್ಯಾಪಾರದ ಮೇಲೆ ಅವರ ಹಿಡಿತ ಬಿಗಿಯಾಯಿತು. ದಕ್ಷಿಣದ ಹವೆ, ಮೇವು ಕುದುರೆ ಸಾಕಿ ಬೆಳೆಸಲು ಹೊಂದುತ್ತಿರಲಿಲ್ಲ. ಹಾಗಾಗಿ ರಾಜರು ಮತ್ತೆ ಮತ್ತೆ ಹೊರಗಿನಿಂದಲೇ ತರಿಸಬೇಕಾಯಿತು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಇಕ್ಕೇರಿಗೆ ಬಂದದ್ದೂ ಹೊನ್ನಾವರ, ಗೇರುಸೊಪ್ಪೆ ಹಾದು ಘಟ್ಟ ಹತ್ತಿಯೇ. ಬಂದರಿನಿಂದ ಕೋಟೆಗೆ ಹನ್ನೆರಡು ಕುದುರೆ ಜೀವಂತ ತಲುಪಿಸಬೇಕು ಅನ್ನುವುದೊಂದೇ ಸಾಕು, ಮೂರು ಸೆಷನ್ನಿಗೆ ಆಗುವಷ್ಟು ಕಥೆ ಅದರಲ್ಲೇ ಇದೆ. ಡ್ರ್ಯಾಗನ್ ಬೇಕಾಗುವುದೇ ಇಲ್ಲ.

ಯಾವ ಪ್ರಾಣಿ

ಬೆಲೆ, ಹೊರುವ ತೂಕ, ಒಂದು ಸರದಿಗೆ ಓಡುವ ದೂರ ಹೀಗಿದೆ:

- ಸವಾರಿ ಕುದುರೆ: 75 ವರಾಹ, 480 ಪೌಂಡ್, 60 ಅಡಿ
- ಯುದ್ಧದ ಕುದುರೆ: 400 ವರಾಹ, 540 ಪೌಂಡ್, 60 ಅಡಿ
- ಬಂಡಿ ಎಳೆಯುವ ಕುದುರೆ: 50 ವರಾಹ, 540 ಪೌಂಡ್, 40 ಅಡಿ
- ತಟ್ಟು (ಗಿಡ್ಡ ಕುದುರೆ): 30 ವರಾಹ, 225 ಪೌಂಡ್, 40 ಅಡಿ
- ಹೇಸರಗತ್ತೆ: 8 ವರಾಹ, 420 ಪೌಂಡ್, 40 ಅಡಿ
- ಆನೆ: 200 ವರಾಹ, 1,320 ಪೌಂಡ್, 40 ಅಡಿ

ಪಟ್ಟಿಯಲ್ಲಿ ಮೊದಲು ಕಣ್ಣಿಗೆ ಬೀಳಬೇಕಾದ್ದು ಹೇಸರಗತ್ತೆ. ಎಂಟೇ ವರಾಹಕ್ಕೆ 420 ಪೌಂಡ್! ಮೇಲಾಗಿ ಅದಕ್ಕೆ ಗಟ್ಟಿ ಹೆಜ್ಜೆಯ ಗುಣ ಇದೆ. ಕೆಳಗೆ ಬೀಳಿಸುವಂಥದ್ದು ಏನೇ ಎದುರಾದರೂ ಅದರ ಸೇವಿಗೆ, ಅಂದರೆ ಅಪಾಯದಿಂದ ಪಾರಾಗಲು ಹಾಕುವ ಡೈಸಿಗೆ, ಎರಡು ಡೈಸ್ ಹಾಕಿ ದೊಡ್ಡದನ್ನು ಇಟ್ಟುಕೊಳ್ಳಬಹುದು. ಘಟ್ಟದ ದಾರಿಗೆ ಇದಕ್ಕಿಂತ ಒಳ್ಳೆಯ ಪ್ರಾಣಿ ಪುಸ್ತಕದಲ್ಲಿ ಇಲ್ಲ. ಆದರೂ ಯಾರೂ ಕೊಳ್ಳುವುದಿಲ್ಲ. ಕತ್ತೆ ಜಾತಿ ಅಂತ ಮುಜುಗರ.

ಆದರೆ ಒಂದು ತೊಡಕಿದೆ. ಸವಾರನಿಗಿಂತ ಪ್ರಾಣಿ ಗಾತ್ರದಲ್ಲಿ ಒಂದು ಮೆಟ್ಟಿಲಾದರೂ ದೊಡ್ಡದಿರಬೇಕು. ತಟ್ಟು, ಹೇಸರಗತ್ತೆ ಎರಡೂ ಮಧ್ಯಮ ಗಾತ್ರದವು. ಮನುಷ್ಯ, ಎಲ್ಫ್, ಡ್ವಾರ್ಫ್ ಜನಾಂಗದ ಪಾತ್ರಗಳೂ ಮಧ್ಯಮವೇ. ಅಂದಮೇಲೆ ಅವರು ಇವುಗಳ ಮೇಲೆ ಕೂತು ಸವಾರಿ ಮಾಡುವ ಹಾಗಿಲ್ಲ, ಹೊರೆ ಹೇರಬಹುದು ಅಷ್ಟೆ. ಸಣ್ಣ ಗಾತ್ರದ ಹಾಫ್ಲಿಂಗ್, ನೋಮ್ ಪಾತ್ರದವರಿಗೆ ಮಾತ್ರ ಇವು ಸವಾರಿಗೆ ಆಗುತ್ತವೆ. "ಡ್ವಾರ್ಫ್ ಕುಳ್ಳ ಅಲ್ವಾ, ತಟ್ಟು ಸಾಕು" ಅಂತ 30 ವರಾಹ ಎಣಿಸಿ ಕೊಡುವವರನ್ನು ತಡೆಯಿರಿ.

ಆನೆ ಯುದ್ಧದ ಕುದುರೆಯ ಅರ್ಧ ಬೆಲೆಗೆ ಸಿಗುತ್ತದೆ ಅನ್ನುವುದು ಈ ಪುಸ್ತಕದ ತಮಾಷೆಗಳಲ್ಲೊಂದು. ಸಕ್ರೆಬೈಲು ಆನೆ ಬಿಡಾರ ನೋಡಿಕೊಂಡು ಬೆಳೆದ ನಮ್ಮೂರ ಹುಡುಗರು ಈ ಸಾಲು ಕಂಡ ತಕ್ಷಣ ಕುದುರೆ ಕೈಬಿಡುತ್ತಾರೆ. ಕೊಳ್ಳಲಿ, ಬೇಡ ಅನ್ನಬೇಡಿ. ಆದರೆ ಪುಸ್ತಕದ ದಿನಕ್ಕೆ 10 ಪೌಂಡ್ ಮೇವಿನ ಲೆಕ್ಕ ಆನೆಗೆ ಹಿಡಿಸುವುದಿಲ್ಲ. ದೊಡ್ಡ ಆನೆ ದಿನಕ್ಕೆ ನೂರು ಕಿಲೋಗೂ ಜಾಸ್ತಿ ಸೊಪ್ಪು ಸದೆ ತಿನ್ನುತ್ತದೆ. ಯಾರದ್ದೋ ಬಾಳೆತೋಟದ ಪಕ್ಕ ರಾತ್ರಿ ಬಿಡಾರ ಹೂಡಿಸಿ, ಉಳಿದದ್ದು ತಾನಾಗಿ ಆಗುತ್ತದೆ.

ಮಲೆನಾಡಿನ ಮಾದರಿಯ ಸೀಮೆಗೆ ಪುಸ್ತಕದ ಪಟ್ಟಿಯಲ್ಲಿಲ್ಲದ ಒಂದು ಪ್ರಾಣಿಯನ್ನು ಸೇರಿಸಿಕೊಳ್ಳಲೇಬೇಕು. ಅದು ಹೇರಿನ ಎತ್ತು. ನಮ್ಮ ಘಟ್ಟದ ದಾರಿಗಳಲ್ಲಿ ಮೆಣಸು, ಅಡಿಕೆ, ಅಕ್ಕಿ, ಉಪ್ಪು ಓಡಾಡಿದ್ದು ಹೆಚ್ಚಾಗಿ ಎತ್ತಿನ ಬೆನ್ನ ಮೇಲೆ. ಸೈನ್ಯಗಳಿಗೆ ದವಸ ಸಾಗಿಸಿದ್ದು ಲಂಬಾಣಿಗರ ಎತ್ತಿನ ಹಿಂಡುಗಳು. ವ್ಯಾಪಾರದ ಸರಕಿನ ಪಟ್ಟಿಯಲ್ಲಿ ಎತ್ತಿಗೆ 15 ವರಾಹ ಅಂತಿದೆ. ಹೊರುವ ತೂಕವನ್ನು ಹೇಸರಗತ್ತೆಯಷ್ಟೇ ಇಟ್ಟು ವೇಗವನ್ನು 30 ಅಡಿಗೆ ಇಳಿಸಿದರೆ ಆಯಿತು.

ಕೊಳ್ಳುವಾಗ

ಕುದುರೆ ಸಂತೆಯನ್ನು "ದುಡ್ಡು ಕೊಟ್ಟೆ, ತಗೊಂಡೆ" ಅಂತ ಮುಗಿಸಬೇಡಿ. ಹದಿನೈದು ನಿಮಿಷ ಆಡಿಸಿ. ಹಳೆಯ ಕನ್ನಡ ಶಾಸನಗಳಲ್ಲಿ ಕುದುರೆ ಲಾಯದ ಮೇಲ್ವಿಚಾರಕನಿಗೆ ಸಾಹಣಿ ಅನ್ನುತ್ತಾರೆ. ನಮ್ಮ ಟೇಬಲ್ಲಿನ ಕುದುರೆ ವ್ಯಾಪಾರಿಯೂ ನಿವೃತ್ತ ಸಾಹಣಿಯೇ. ಕೊಳ್ಳುವವರು ಹೀಗೆ ನೋಡಬೇಕು.

ಮೊದಲು ಬಾಯಿ. ಮುಂದಿನ ಹಲ್ಲಿನ ಸವೆತದಿಂದ ವಯಸ್ಸು ತಿಳಿಯುತ್ತದೆ. ಆಮೇಲೆ ಬೆನ್ನು. ಜೀನು ಕೂರುವ ಜಾಗದಲ್ಲಿ ಬಿಳಿ ಕೂದಲಿನ ಮಚ್ಚೆ ಇದ್ದರೆ ಹಿಂದೆ ಅಲ್ಲಿ ಹುಣ್ಣಾಗಿತ್ತು ಅಂತ ಅರ್ಥ. ಗೊರಸು ಎತ್ತಿ ಮೂಸಿ ನೋಡಿ. ಕೊಳೆತ ವಾಸನೆ ಬಂದರೆ ಕೆಸರಿನಲ್ಲೇ ನಿಲ್ಲಿಸಿ ಸಾಕಿದ್ದಾರೆ. ಕೊನೆಗೆ ಗಟ್ಟಿ ನೆಲದಲ್ಲಿ ದುಡುಕಿಯಲ್ಲಿ, ಅಂದರೆ ನಡಿಗೆಗೂ ನಾಗಾಲೋಟಕ್ಕೂ ನಡುವಿನ ಕುಲುಕು ಓಟದಲ್ಲಿ, ಓಡಿಸಿ ತಲೆ ಗಮನಿಸಿ. ಮುಂಗಾಲು ನೋಯುತ್ತಿದ್ದರೆ ಆ ಕಾಲು ನೆಲಕ್ಕೆ ತಾಗಿದಾಗಲೆಲ್ಲ ತಲೆ ಮೇಲಕ್ಕೆ ಏಳುತ್ತದೆ. ಹಲ್ಲು, ಬೆನ್ನು ನೋಡುವುದಕ್ಕೆ ಪ್ರಾಣಿ ಪಳಗಿಸುವ ಕೌಶಲದ ಚೆಕ್ಕಿನಲ್ಲಿ, ಅಂದರೆ ಕೆಲಸ ಆಯಿತೋ ಇಲ್ಲವೋ ನೋಡಲು ಹಾಕುವ ಡೈಸಿನಲ್ಲಿ, 10 ಬಂದರೆ ಸಾಕು. ಕುಂಟು ಹಿಡಿಯುವುದಕ್ಕೆ 15. ವ್ಯಾಪಾರಿ ಬೇಕೆಂದೇ ಮುಚ್ಚಿಟ್ಟ ಐಬು ಕಾಣಬೇಕಾದರೆ 20.

ಆಮೇಲೆ ಸುಳಿ. ನಮ್ಮಲ್ಲಿ ದನ ಕೊಳ್ಳುವವರು ಸುಳಿ ನೋಡದೆ ಮುಂಗಡ ಕೊಡುವುದಿಲ್ಲ, ಅಲ್ವಾ? ಕುದುರೆಗೂ ಅದೇ ಲೆಕ್ಕ. ಸುಳಿಯಿಂದ ಓಟಕ್ಕೇನೂ ಆಗುವುದಿಲ್ಲ, ಆದರೆ ಬೆಲೆಗೆ ಆಗುತ್ತದೆ.

"ಸಾಹಣಿಗಳೇ, ಹಣೆ ಮೇಲೆ ಜೋಡಿ ಸುಳಿ ಇದೆಯಲ್ಲ?"

"ಸುಳಿ ಓಡುತ್ತದಾ ಮಾರಾಯ್ರೆ, ಕಾಲು ಓಡಬೇಕು. ಕಾಲು ನೋಡಿ."

"ಕಾಲು ನೀವು ನೋಡ್ತೀರಿ. ಸುಳಿ ನಮ್ಮಮ್ಮ ನೋಡ್ತಾರೆ. ಮನೆಗೆ ಹೊಡ್ಕೊಂಡು ಹೋಗೋದು ನಾನು."

ಇಂಥ ಮಾತು ಆಡಿದ ಆಟಗಾರನಿಗೆ ಡೈಸ್ ಹಾಕಿಸದೆಯೇ ಹತ್ತು ವರಾಹ ಇಳಿಸಿಬಿಡಿ. ಡಿಎಂಗಳಿಗೆ ಇನ್ನೊಂದು ಮಾತು. ಮಾರುವ ಪ್ರತಿ ಕುದುರೆಗೂ ಒಂದು ಒಳ್ಳೆಯ ಗುಣ, ಒಂದು ಕೆಟ್ಟ ಚಾಳಿ ಕೊಡಿ. ನೀರಿಗೆ ಇಳಿಯಲು ಹೆದರುತ್ತದೆ, ಎಡಗಡೆಯಿಂದ ಬಂದವರಿಗೆ ಒದೆಯುತ್ತದೆ, ಬೇರೆ ಕುದುರೆ ಮುಂದೆ ಹೋದರೆ ಸಹಿಸುವುದಿಲ್ಲ, ಹೀಗೆ. ನೀರಿಗೆ ಹೆದರುವ ಕುದುರೆ ತುಂಗೆಯಂಥ ಹೊಳೆಯ ಎದುರು ನಿಂತಾಗ ಆಟಗಾರರಿಗೆ ಅದರ ಹೆಸರು ಖಂಡಿತ ನೆನಪಿರುತ್ತದೆ.

ಜೀನು, ಕಡಿವಾಣ, ಚೀಲ

ಕಡಿವಾಣ ಮತ್ತು ಲಗಾಮು ಸೇರಿ 2 ವರಾಹ. ಜೀನಿನಲ್ಲಿ ನಾಲ್ಕು ಬಗೆ. ಸಾಮಾನು ಹೇರುವ ಜೀನಿಗೆ 5 ವರಾಹ, 15 ಪೌಂಡ್. ಸವಾರಿ ಜೀನಿಗೆ 10 ವರಾಹ, 25 ಪೌಂಡ್. ಯುದ್ಧದ ಜೀನಿಗೆ 20 ವರಾಹ, 30 ಪೌಂಡ್. ಹಾರುವ, ಈಜುವ ಪ್ರಾಣಿಗಳಿಗೆ ಬೇಕಾದ ವಿಶೇಷ ಜೀನಿಗೆ 60 ವರಾಹ, 40 ಪೌಂಡ್. ಜೀನಿನ ಚೀಲಕ್ಕೆ 4 ವರಾಹ, 8 ಪೌಂಡ್.

ಯುದ್ಧದ ಜೀನಿಗೆ ಮುಂದೆ, ಹಿಂದೆ ಎತ್ತರದ ಅಂಚು ಇರುತ್ತದೆ. ಈಟಿಯ ಪೆಟ್ಟು ಬಿದ್ದರೂ ಸವಾರ ಹಿಂದಕ್ಕೆ ಜಾರದ ಹಾಗೆ ಅದು ತಡೆಯುತ್ತದೆ. ನಿಯಮದಲ್ಲಿ ಕುದುರೆ ಮೇಲೆ ಉಳಿಯಲು ಮಾಡುವ ಚೆಕ್ಕಿಗೆ ಈ ಜೀನು ಅನುಕೂಲ ಕೊಡುತ್ತದೆ, ಅಂದರೆ ಎರಡು ಡೈಸ್. ಆದರೆ ಬೀಳದಿರಲು ನಿಜವಾಗಿ ಮಾಡಬೇಕಾದ್ದು ಚೆಕ್ ಅಲ್ಲ, ಸೇವ್. ಪುಸ್ತಕವನ್ನು ಅಕ್ಷರಕ್ಕಕ್ಷರ ಓದುವ ಡಿಎಂ ಇಲ್ಲಿ ಕೈ ಕೊಡಬಹುದು. ನಾವು ಎರಡಕ್ಕೂ ಕೊಡುತ್ತೇವೆ. ಇಲ್ಲದಿದ್ದರೆ ಹತ್ತು ವರಾಹ ಜಾಸ್ತಿ ಕೊಟ್ಟು ಯಾರು ತಗೊಳ್ಳುತ್ತಾರೆ?

ಜೀನು ಹಾಕುವ ಕ್ರಮವನ್ನು ಒಮ್ಮೆಯಾದರೂ ಟೇಬಲ್ಲಿನಲ್ಲಿ ಹೇಳಿಸಿ. ಬೆನ್ನು ಒರೆಸಿ ಕಸಕಡ್ಡಿ ತೆಗೆಯಬೇಕು. ಮಡಿಸಿದ ಕಂಬಳಿ ಹಾಸಬೇಕು. ಅದನ್ನು ಕೂದಲು ಮಲಗಿದ ದಿಕ್ಕಿಗೇ, ಮುಂದಿನಿಂದ ಹಿಂದಕ್ಕೆ ಎಳೆದು ಕೂರಿಸಬೇಕು. ಅದರ ಮೇಲೆ ಜೀನು ಇಟ್ಟು ಹೊಟ್ಟೆಯ ಪಟ್ಟಿ ಬಿಗಿಯಬೇಕು. ಇಲ್ಲೊಂದು ಗುಟ್ಟಿದೆ. ಪಟ್ಟಿ ಬಿಗಿಯುವಾಗ ಬಹಳ ಕುದುರೆಗಳು ಮೈ ಬಿಗಿಹಿಡಿಯುತ್ತವೆ. ಸ್ವಲ್ಪ ನಡೆಸಿ ಎರಡನೇ ಸಲ ಬಿಗಿಯದಿದ್ದರೆ, ರಿಕಾಪಿಗೆ ಕಾಲು ಕೊಟ್ಟು ಹತ್ತುವಾಗ ಜೀನು ಹೊಟ್ಟೆಯ ಕೆಳಗೆ ತಿರುಗುತ್ತದೆ. ಕಳ್ಳರು ಬಂದರು ಅಂತ ಅವಸರದಲ್ಲಿ ಹತ್ತಿದ ಪಾತ್ರಕ್ಕೆ ಇದಕ್ಕಾಗಿ ಒಂದು ಚೆಕ್ ಹಾಕಿಸಿದರೆ ಅನ್ಯಾಯ ಅಲ್ಲ.

ಪುಸ್ತಕದಲ್ಲಿಲ್ಲದ, ಆದರೆ ಇಟ್ಟುಕೊಳ್ಳಬೇಕಾದ ಸಾಮಾನೂ ಇವೆ: ಎರಡು ಕಂಬಳಿ (ಒಂದು ಒದ್ದೆಯಾದರೆ ಇನ್ನೊಂದು), ಗೊರಸಿನ ಕೆಸರು ಕೆರೆಯುವ ಕೊಕ್ಕೆ, ಕಟ್ಟುವ ಹಗ್ಗ, ಮೂತಿಗೆ ಕಟ್ಟುವ ಮೇವಿನ ಚೀಲ, ಉಪ್ಪು. ಉಪ್ಪು ಕುದುರೆ ನೆಕ್ಕುವುದಕ್ಕೂ ಬೇಕು, ಇಂಬಳ ಬಿಡಿಸುವುದಕ್ಕೂ ಬೇಕು. ಮಳೆಗಾಲದ ಕಾಡಿನಲ್ಲಿ ಕುದುರೆಯ ಕಾಲಿಗೆ ಇಂಬಳ ಹತ್ತದೆ ಇರುವುದಿಲ್ಲ. ಜೀನಿನ ತೊಗಲಿಗೆ ಮಲೆನಾಡಿನ ಮಳೆಯಲ್ಲಿ ಬೂಷ್ಟು ಹಿಡಿಯುತ್ತದೆ, ಹೊಲಿಗೆ ಕೊಳೆಯುತ್ತದೆ. ಸಂಜೆ ಬೆಂಕಿಯಿಂದ ಸ್ವಲ್ಪ ದೂರದಲ್ಲಿ ಆರಲು ಹಾಕಿ ಎಣ್ಣೆ ಸವರಿದೆ ಅಂತ ಆಟಗಾರ ಹೇಳಬೇಕು. ವಾರ ಪೂರ್ತಿ ಹೇಳದಿದ್ದರೆ ಸರಿಯಾದ ಹೊತ್ತು ನೋಡಿ ರಿಕಾಪಿನ ಪಟ್ಟಿ ಕಿತ್ತುಹಾಕುವುದು ಡಿಎಂ ಹಕ್ಕು.

ತೂಕದ ಲೆಕ್ಕ

ಇದು ಬೇಜಾರಿನ ಕೆಲಸ ಅಂತ ಎಲ್ಲರೂ ಬಿಡುತ್ತಾರೆ. ಆದರೆ ಕೊಳ್ಳುವ ದಿನ ಐದು ನಿಮಿಷ ಕೊಟ್ಟರೆ ಮತ್ತೆ ಮುಟ್ಟಬೇಕಿಲ್ಲ. ಒಬ್ಬ ಫೈಟರನ್ನು, ಅಂದರೆ ಆಯುಧ ಹಿಡಿದು ಹೋರಾಡುವ ಪಾತ್ರವನ್ನು, ಹಿಡಿಯೋಣ. ಮೈತೂಕ 170 ಪೌಂಡ್. ಸರಪಳಿ ಅಂಗಿ, ಅಂದರೆ ಚೈನ್ ಮೇಲ್, 55. ಗುರಾಣಿ 6, ಉದ್ದ ಕತ್ತಿ 3, ಲ್ಯಾನ್ಸ್ ಅಂದರೆ ಸವಾರನ ಈಟಿ 6. ಪ್ರಯಾಣದ ಸಾಮಾನಿನ ಕಟ್ಟು 59. ಇಲ್ಲಿಗೆ 299. ಯುದ್ಧದ ಜೀನು 30, ಕಡಿವಾಣ 1, ಚೀಲ 8 ಸೇರಿದರೆ 338. ಹತ್ತು ದಿನದ ಮೇವು ದಿನಕ್ಕೆ 10ರಂತೆ 100. ಒಟ್ಟು 438.

ಸವಾರಿ ಕುದುರೆ ಹೊರುವುದು 480. ಉಳಿದದ್ದು 42 ಪೌಂಡ್. ಗಾಯಗೊಂಡ ಗೆಳೆಯನನ್ನು ಹಿಂದೆ ಕೂರಿಸಿಕೊಳ್ಳುವ ಹಾಗಿಲ್ಲ, ಗುಹೆಯಲ್ಲಿ ಸಿಕ್ಕ ಕಂಚಿನ ವಿಗ್ರಹ ಹೇರುವ ಹಾಗೂ ಇಲ್ಲ. ಇಲ್ಲಿಯೇ ಹೇಸರಗತ್ತೆಯ ಬೆಲೆ ಗೊತ್ತಾಗುವುದು. ಮೇವು, ಸಾಮಾನು ಎರಡನ್ನೂ ಅದಕ್ಕೆ ವರ್ಗಾಯಿಸಿದರೆ ಕುದುರೆ ಮೇಲಿನ ಹೊರೆ 279ಕ್ಕೆ ಇಳಿಯುತ್ತದೆ. 8 ವರಾಹದ ಪ್ರಾಣಿ, 5 ವರಾಹದ ಜೀನು ಸಾಕು.

480 ಪೌಂಡ್ ಅಂದರೆ ಸುಮಾರು 218 ಕಿಲೋ. ನಿಜದ ಕುದುರೆಗೆ ಮೈತೂಕದ ಐದನೇ ಒಂದು ಭಾಗದಷ್ಟು ಹೊರೆ ಹಿತ. 450 ಕಿಲೋದ ಕುದುರೆಗೆ 90 ಕಿಲೋ ಆಯಿತು. ಆಟದ ಕುದುರೆ ಅದರ ಎರಡು ಪಟ್ಟಿಗಿಂತ ಜಾಸ್ತಿ ಹೊರುತ್ತದೆ. ಬಯಲಿನಲ್ಲಿ ನಾನು ಇದನ್ನು ಮುಟ್ಟುವುದಿಲ್ಲ. ವೀರರ ಕಥೆ, ಇರಲಿ. ಘಟ್ಟದಲ್ಲಿ ಮಾತ್ರ ಕುದುರೆಗಳ ಹೊರೆಯ ಮಿತಿಯನ್ನು ಅರ್ಧ ಮಾಡುತ್ತೇನೆ, ಹೇಸರಗತ್ತೆ ಮತ್ತು ಎತ್ತಿಗೆ ಪೂರ್ತಿ ಬಿಡುತ್ತೇನೆ. ಆಗ ಮೇಲಿನ ಫೈಟರ್ 240ಕ್ಕೆ ಇಳಿಯಬೇಕು. ಕೆಳಗಿಳಿದು ಲಗಾಮು ಹಿಡಿದು ನಡೆಯದೆ ಬೇರೆ ದಾರಿ ಇಲ್ಲ. ಕಡಿದಾದ ದಾರಿಯಲ್ಲಿ ಬುದ್ಧಿ ಇದ್ದ ಸವಾರ ಮಾಡುವುದೂ ಅದನ್ನೇ.

ಕುದುರೆಗೆ ಕವಚ ತೊಡಿಸುವ ಆಸೆ ಇದ್ದವರು ಇಲ್ಲಿ ನಿಧಾನಿಸಿ. ಮನುಷ್ಯರ ಕವಚದ ನಾಲ್ಕು ಪಟ್ಟು ಬೆಲೆ, ಎರಡು ಪಟ್ಟು ತೂಕ. ಚೈನ್ ಮೇಲ್ ಮಾದರಿಯದಕ್ಕೆ 300 ವರಾಹ, 110 ಪೌಂಡ್. ಮೇಲಿನ 438ಕ್ಕೆ ಕೂಡಿಸಿದರೆ 548. ಯುದ್ಧದ ಕುದುರೆಯ 540ನ್ನೂ ದಾಟಿತು. ಪೂರ್ತಿ ಲೋಹದ ಹೊದಿಕೆಗೆ 6,000 ವರಾಹ. ಅಷ್ಟು ದುಡ್ಡಿದ್ದರೆ ಒಂದು ಅಡಿಕೆ ತೋಟವನ್ನೇ ಮಾಡಬಹುದು. ನನ್ನ ಆಯ್ಕೆ ಚೈನ್ ಶರ್ಟ್ ಮಾದರಿ, ಅಂದರೆ ತೋಳಿಲ್ಲದ ಸರಪಳಿ ಹೊದಿಕೆ. 200 ವರಾಹ, 40 ಪೌಂಡ್. ಯುದ್ಧದ ಕುದುರೆಯ ಆರ್ಮರ್ ಕ್ಲಾಸ್, ಅಂದರೆ ಪೆಟ್ಟು ತಾಗಿಸಲು ಶತ್ರು ಮುಟ್ಟಬೇಕಾದ ಅಂಕಿ, 11ರಿಂದ 14ಕ್ಕೆ ಏರುತ್ತದೆ. ಒಟ್ಟು ಹೊರೆ 478.

ಮೇವು, ನೀರು, ಲಾಯ

ಮೇವಿಗೆ ದಿನಕ್ಕೆ 5 ಕಾಸು, ಲಾಯಕ್ಕೆ ದಿನಕ್ಕೆ 5 ಹಣ. ಲಾಯ ಮೇವಿಗಿಂತ ಹತ್ತು ಪಟ್ಟು ದುಬಾರಿ! ಐದು ತಿಂಗಳು ಲಾಯದಲ್ಲಿ ಬಿಟ್ಟರೆ ಇನ್ನೊಂದು ಸವಾರಿ ಕುದುರೆಯ ಬೆಲೆ ಆಗುತ್ತದೆ. ಮಳೆಗಾಲ ಪೂರ್ತಿ ಕಥೆ ನಿಲ್ಲಿಸುವ ಕ್ಯಾಂಪೇನಿನಲ್ಲಿ ಪರಿಚಯದ ಗೌಡರ ಕೊಟ್ಟಿಗೆಯಲ್ಲಿ ಬಿಡುವುದೇ ಜಾಣತನ. ಅದಕ್ಕೆ ಪ್ರತಿಯಾಗಿ ಗೌಡರು ಏನಾದರೂ ಒಂದು ಕೆಲಸ ಹೇಳೇ ಹೇಳುತ್ತಾರೆ. ಹೊಸ ಕಥೆ ಸಿಕ್ಕಿತು.

ಪುಸ್ತಕದ 10 ಪೌಂಡ್, ಅಂದರೆ ನಾಲ್ಕೂವರೆ ಕಿಲೋ, ಪೂರ್ತಿ ಊಟ ಅಲ್ಲ. ಉಳಿದದ್ದನ್ನು ಕುದುರೆ ಮೇಯಬೇಕು. ದಟ್ಟ ಕಾಡಿನ ನೆರಳಿನಲ್ಲಿ ಹುಲ್ಲು ಕಡಿಮೆ. ಹುಲ್ಲುಗಾವಲು ಸಿಗದ ದಿನ ಮೇವು ಎರಡರಷ್ಟು ಖರ್ಚಾಗುತ್ತದೆ ಅಂತ ಇಟ್ಟುಕೊಳ್ಳಿ. ನೀರು ದಿನಕ್ಕೆ 25ರಿಂದ 40 ಲೀಟರ್. ಮಲೆನಾಡಿನಲ್ಲಿ ಅದಕ್ಕೇನೂ ಬರ ಇಲ್ಲ. ನೆನೆಸಿದ ಅಥವಾ ಬೇಯಿಸಿದ ಹುರುಳಿ ನಮ್ಮ ಕಡೆಯ ಕುದುರೆಗೆ ಹಳೆಯ ಕಾಲದಿಂದ ಬಂದ ಊಟ. ಬರೀ ಭತ್ತದ ಹುಲ್ಲು ಹಾಕಿದರೆ ಕಸುವು ಇರುವುದಿಲ್ಲ. ಮೇವನ್ನು ಒಮ್ಮೆಲೇ ಬದಲಿಸಬೇಡಿ. ಕುದುರೆಗೆ ವಾಂತಿ ಆಗುವುದಿಲ್ಲ. ಹೊಟ್ಟೆ ಕೆಟ್ಟರೆ ಹೊಟ್ಟೆನೋವಿನಿಂದಲೇ ಸಾಯಬಹುದು. ಶತ್ರುಗಳ ಲಾಯಕ್ಕೆ ನುಗ್ಗುವ ಕಥೆಯಲ್ಲಿ ವಿಷ ಹಾಕಬೇಕಿಲ್ಲ, ಕಾಳಿನ ಕಣಜದ ಬಾಗಿಲು ತೆಗೆದಿಟ್ಟು ಬಂದರೆ ಸಾಕು.

ಲಾಳವನ್ನು ಆರರಿಂದ ಎಂಟು ವಾರಕ್ಕೊಮ್ಮೆ ನೋಡಿಸಬೇಕು. ಇದಕ್ಕೆ ನಾವು ಒಂದು ವರಾಹ ತೆಗೆಯುತ್ತೇವೆ. ಒದ್ದೆ ಬಂಡೆಯ ಮೇಲೆ ಕಬ್ಬಿಣದ ಲಾಳ ಜಾರುತ್ತದೆ ಅನ್ನುವುದನ್ನು ನೆನಪಿಡಿ.

ಘಟ್ಟ ಇಳಿಯುವುದು

ನಾವು ಒಂದು ಘಟ್ಟವನ್ನು ಮೂರು ತುಂಡು ಮಾಡುತ್ತೇವೆ: ತಲೆ, ತಿರುವು, ಬುಡ. ಪ್ರತಿ ತುಂಡಿಗೂ ಪ್ರಾಣಿ ಪಳಗಿಸುವ ಒಂದು ಚೆಕ್. ಒಣ ದಾರಿಗೆ 10, ಮಳೆಗೆ 15, ಮಳೆಯ ಜೊತೆ ಕತ್ತಲೂ ಇದ್ದರೆ 20. ಇಳಿದು ನಡೆಸಿಕೊಂಡು ಹೋದವರಿಗೆ ಅನುಕೂಲ. ಸೋತರೆ ಕುದುರೆ ನೇರ ಪ್ರಪಾತಕ್ಕೆ ಬೀಳುವುದಿಲ್ಲ, ಮೊದಲು ಜಾರುತ್ತದೆ. ಆಗ ಆಟಗಾರನಿಗೆ ಆಯ್ಕೆ ಕೊಡಿ: ಲಗಾಮು ಬಿಡುತ್ತೀಯೋ, ಚೀಲದ ಪಟ್ಟಿ ಕತ್ತರಿಸಿ ಹೊರೆ ಇಳಿಸುತ್ತೀಯೋ, ಜೊತೆಗೇ ಜಾರುತ್ತೀಯೋ? ಬಿದ್ದರೆ ಪ್ರತಿ 10 ಅಡಿಗೆ ಆರು ಮುಖದ ಒಂದು ಡೈಸಿನಷ್ಟು ಪೆಟ್ಟು. ಸವಾರಿ ಕುದುರೆಗೆ ಇರುವುದು 13 ಹಿಟ್ ಪಾಯಿಂಟ್ (ಜೀವದ ಅಂಕ), ಯುದ್ಧದ ಕುದುರೆಗೆ 19. ಮೂವತ್ತು ನಲವತ್ತು ಅಡಿಯ ತಗ್ಗು ಸಾಕು.

ಕಾಳಗದಲ್ಲಿ

ಹತ್ತಲು, ಇಳಿಯಲು ನಿಮ್ಮ ನಡಿಗೆಯ ಅರ್ಧ ಖರ್ಚು. ಪಳಗಿದ ಕುದುರೆಯನ್ನು ನೀವು ನಡೆಸಿದರೆ ಅದು ನಿಮ್ಮ ಸರದಿಯಲ್ಲೇ ಚಲಿಸುತ್ತದೆ. ಅದು ಮಾಡಬಲ್ಲದ್ದು ಮೂರೇ: ಇನ್ನಷ್ಟು ಓಡುವುದು, ಪೆಟ್ಟು ತಿನ್ನದೆ ಹಿಂದೆ ಸರಿಯುವುದು, ಬರುವ ಪೆಟ್ಟು ತಪ್ಪಿಸಿಕೊಳ್ಳುವುದು. ಒದೆಯುವ ಹಾಗಿಲ್ಲ. ಯುದ್ಧದ ಕುದುರೆ ನುಗ್ಗಿ ತುಳಿಯುವ ಗುಣವೂ ನೀವು ನಡೆಸುವಾಗ ಸಿಗುವುದಿಲ್ಲ. ಅದು ಬೇಕಾದರೆ ಲಗಾಮು ಸಡಿಲ ಬಿಟ್ಟು ಕುದುರೆಯ ಇಷ್ಟಕ್ಕೆ ಬಿಡಬೇಕು. ಆಗ ಅದಕ್ಕೆ ಬೇರೆ ಸರದಿ. ಅದು ಯಾರ ಮೇಲೆ ನುಗ್ಗುತ್ತದೆ ಅನ್ನುವುದು ಡಿಎಂ ಕೈಯಲ್ಲಿ.

ಕತ್ತಿ ಹಿಡಿದವರು ಹತ್ತಿರ ಹೋಗಿ ಹೊಡೆದು, ಕುದುರೆಗೆ ಹಿಂದೆ ಸರಿಯುವ ಕೆಲಸ ಕೊಟ್ಟು ವಾಪಸ್ ಬರಬೇಕು. ಲ್ಯಾನ್ಸ್ ಹಿಡಿದವರಿಗೆ ಅದೂ ಬೇಡ. ಅದು 10 ಅಡಿ ದೂರಕ್ಕೆ ತಲುಪುತ್ತದೆ. ಹತ್ತು ಅಡಿಯಲ್ಲೇ ತಿವಿದು ಹೊರಳಿದರೆ ಸಾಮಾನ್ಯ ಶತ್ರುವಿನ 5 ಅಡಿಯ ಕೈಯಳತೆಗೆ ನೀವು ಸಿಕ್ಕೇ ಇಲ್ಲ. ಹಾಗಾಗಿ ಕುದುರೆಗೆ ಓಟದ ಕೆಲಸವನ್ನೇ ಕೊಟ್ಟು ಒಂದು ಸರದಿಗೆ ಒಟ್ಟು 120 ಅಡಿ ಓಡಾಡಬಹುದು. ಪೆಟ್ಟು ಹನ್ನೆರಡು ಮುಖದ ಡೈಸ್, ಇನ್ನೊಂದು ಕೈಯಲ್ಲಿ ಗುರಾಣಿ. ಶತ್ರು 5 ಅಡಿಗೆ ಬಂದುಬಿಟ್ಟರೆ ಮಾತ್ರ ಇದೇ ಈಟಿ ತೊಡಕು. ಕುದುರೆಯಿಂದ ಇಳಿದರೆ ಎರಡೂ ಕೈ ಬೇಕು. ಇದೆಲ್ಲ ಗದ್ದೆ ಬಯಲಿನ ಮಾತು. ಅಡಿಕೆ ತೋಟದ ಸಾಲುಗಳ ನಡುವೆ 120 ಅಡಿ ಎಲ್ಲಿ ಸಿಗಬೇಕು? ಅಲ್ಲಿ ಇಳಿದು ಹೊಡೆದಾಡಿ.

ಬಾಣ ಹೊಡೆಯುವವರು ನಿಮ್ಮನ್ನು ಬಿಟ್ಟು ಕುದುರೆಗೇ ಹೊಡೆಯುತ್ತಾರೆ, ಹೊಡೆಯಬೇಕು ಕೂಡ. ಕುದುರೆ ಉರುಳಿದರೆ ರಿಯಾಕ್ಷನ್, ಅಂದರೆ ನಿಮ್ಮ ಸರದಿ ಇಲ್ಲದಾಗಲೂ ಮಾಡಬಹುದಾದ ತಕ್ಷಣದ ಪ್ರತಿಕ್ರಿಯೆ, ಬಳಸಿ ಹಾರಿ ಕಾಲ ಮೇಲೆ ನಿಲ್ಲಬಹುದು. ರಿಯಾಕ್ಷನ್ ಮೊದಲೇ ಮುಗಿದಿದ್ದರೆ ನೀವೂ ನೆಲಕ್ಕೆ. ಯಾರಾದರೂ ಕುದುರೆಯನ್ನು ಬಲವಂತವಾಗಿ ತಳ್ಳಿದರೆ 10ರ ಡೆಕ್ಸ್ಟೆರಿಟಿ (ಚುರುಕುತನ) ಸೇವ್ ಹಾಕಬೇಕು, ಇಲ್ಲದಿದ್ದರೆ ಬೀಳುತ್ತೀರಿ. ಯುದ್ಧದ ಜೀನಿಗೆ ಕೊಟ್ಟ ದುಡ್ಡು ವಸೂಲಾಗುವುದು ಇಲ್ಲಿ.

ಸವಾರರನ್ನು ಹೇಗೆ ವರ್ಣಿಸಬೇಕು ಅಂತ ಹೊಳೆಯದ ಡಿಎಂಗಳು ಬಳ್ಳಿಗಾವಿ ಕಡೆ ಒಮ್ಮೆ ಹೋಗಿ ವೀರಗಲ್ಲು ನೋಡಿ ಬನ್ನಿ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ಒಂದು ಸೆಷನ್ನಿನ ಶುರು, ನಡು, ಕೊನೆ ಮೂರೂ ಒಂದೇ ಕಲ್ಲಿನಲ್ಲಿ.

ಕೊನೆಯದಾಗಿ ಸಾವಿನ ವಿಷಯ. ಇದನ್ನು ಮೊದಲ ಸೆಷನ್ನಿನಲ್ಲೇ ಕೇಳಿಟ್ಟುಕೊಳ್ಳಿ. ಸಾಮಾನ್ಯವಾಗಿ ಪ್ರಾಣಿಗಳು 0 ಹಿಟ್ ಪಾಯಿಂಟಿಗೆ ಸತ್ತವು ಅಂತಲೇ ಲೆಕ್ಕ. ಪಾತ್ರಗಳಿಗೆ ಇರುವ ಡೆತ್ ಸೇವ್, ಅಂದರೆ ಸಾವಿನಿಂದ ಪಾರಾಗಲು ಹಾಕುವ ಡೈಸ್, ಹೆಸರಿಟ್ಟು ಸಾಕಿದ ಕುದುರೆಗೂ ಇದೆಯಾ ಅನ್ನುವುದು ಡಿಎಂ ತೀರ್ಮಾನ. ನಾವು ಕೊಡುತ್ತೇವೆ. ಐದನೇ ಲೆವೆಲಿನ ಪ್ಯಾಲಡಿನ್, ಅಂದರೆ ಮಂತ್ರವೂ ಬಲ್ಲ ಧರ್ಮಯೋಧ, ಇದ್ದರೆ ಈ ಚಿಂತೆ ಅರ್ಧ ಕಡಿಮೆ. ಅವರ ಮಂತ್ರಕ್ಕೆ ಬರುವ ಕುದುರೆ ಒಂದು ಚೇತನ, ಒಂದು ಮೈಲಿ ದೂರದಿಂದ ಮನಸ್ಸಿನಲ್ಲೇ ಮಾತಾಡಿಸಬಹುದು. ಹೊಡೆತಕ್ಕೆ ಸಿಕ್ಕಿ 0 ಹಿಟ್ ಪಾಯಿಂಟಿಗೆ ಇಳಿದರೆ ಮಾಯವಾಗುತ್ತದೆ, ಹತ್ತು ನಿಮಿಷ ಮಂತ್ರ ಹೇಳಿದರೆ ಮತ್ತೆ ಬರುತ್ತದೆ. ಆದರೆ ನೀವು ತೊಡಿಸಿದ ಜೀನು, ಚೀಲ ಅದರ ಜೊತೆ ಮಾಯವಾಗುವುದಿಲ್ಲ ಅನ್ನುವುದು ನಮ್ಮ ಟೇಬಲ್ಲಿನ ತೀರ್ಪು. ಅಲ್ಲೇ ಕೆಸರಿಗೆ ಬೀಳುತ್ತವೆ. ಆ 38 ಪೌಂಡ್ ಯಾರು ಹೊರುತ್ತಾರೆ ಅಂತ ಪ್ಯಾಲಡಿನ್ ಹೊರಡುವ ಮೊದಲೇ ಗೆಳೆಯರ ಹತ್ತಿರ ಮಾತಾಡಿಟ್ಟುಕೊಳ್ಳಲಿ.